ನಾಯಿಯೊಂದಿಗೆ ರಾಷ್ಟ್ರೀಯ ಉದ್ಯಾನಕ್ಕೆ: ಹೊರಡುವ ಮುನ್ನ, ಹೋದ ಮೇಲೆ

ರಾಷ್ಟ್ರೀಯ ಉದ್ಯಾನವೆಂದರೆ ಕಾಡು, ಕಾಡೆಂದರೆ ನಾಯಿಗೆ ಹಬ್ಬ ಎಂಬ ಲೆಕ್ಕದಲ್ಲಿ ಹೊರಡುವವರೇ ಹೆಚ್ಚು. ಆದರೆ ಬಹಳಷ್ಟು ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಯ ಪಾಲಿಗೆ ಕಾಡು ಬರುವುದೇ ಇಲ್ಲ. ಒಂದೋ ಅದನ್ನು ಹೆಬ್ಬಾಗಿಲಲ್ಲೇ ತಡೆಯುತ್ತಾರೆ, ಇಲ್ಲವೇ ಡಾಂಬರು ರಸ್ತೆ, ವಾಹನ ನಿಲ್ಲಿಸುವ ಜಾಗ ಮತ್ತು ಶಿಬಿರದ ಅಂಗಳ ಇಷ್ಟನ್ನು ಮಾತ್ರ ಅದಕ್ಕೆ ಬಿಟ್ಟುಕೊಡುತ್ತಾರೆ. ಇದು ಗೊತ್ತಿಲ್ಲದೆ ನೂರಾರು ಕಿಲೋಮೀಟರ್ ಪ್ರಯಾಣ ಮಾಡಿ ಬಂದ ಕುಟುಂಬವು ನಾಯಿಯನ್ನು ಕಾರಿನಲ್ಲಿ ಬಿಡುವುದೋ ಅಥವಾ ಸರದಿಯ ಮೇಲೆ ಒಬ್ಬೊಬ್ಬರು ಹೊರಗೆ ಕಾಯುವುದೋ ಎಂದು ಬಾಗಿಲಲ್ಲಿ ನಿಂತು ಚರ್ಚಿಸುವುದು ಸಾಮಾನ್ಯ ದೃಶ್ಯ. ನಾಯಿಯನ್ನು ಕರೆದೊಯ್ದ ದಿನ ಆ ದಿನದ ಅಳತೆಗೋಲು ನಾಯಿಯೇ ಆಗಿರಬೇಕು, ನಾವು ಮೊದಲೇ ಹಾಕಿಕೊಂಡ ಯೋಜನೆಯೊಳಗೆ ಅದನ್ನು ತುರುಕಬಾರದು ಎಂಬುದನ್ನು ಒಪ್ಪಿಕೊಂಡವರಿಗೆ ಮಾತ್ರ ಈ ಪ್ರವಾಸ ಹಿತವಾಗಿರುತ್ತದೆ.

ನಿಯಮವನ್ನು ಎಲ್ಲಿ, ಹೇಗೆ ಓದಬೇಕು

ಮೊದಲ ಕೆಲಸ ನೀವು ಹೋಗಲಿರುವ ಉದ್ಯಾನದ ನಿಯಮವನ್ನು ಅದರ ಅಧಿಕೃತ ಪ್ರಕಟಣೆಯಲ್ಲೇ ಓದುವುದು. ಹೆಸರು ಎಲ್ಲೆಡೆ ಒಂದೇ ಆಗಿದ್ದರೂ ಕಟ್ಟಳೆಗಳು ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ದೇಶದ ಎರಡು ಉದ್ಯಾನಗಳ ನಡುವೆಯೂ ಅಜಗಜಾಂತರವಾಗಿರುತ್ತವೆ. ಭಾರತದ ರಾಷ್ಟ್ರೀಯ ಉದ್ಯಾನಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿದ್ದು, ಅಲ್ಲಿ ಮನುಷ್ಯರ ಪ್ರವೇಶಕ್ಕೇ ಪರವಾನಗಿ ಬೇಕು. ಸಫಾರಿ ವಾಹನದಲ್ಲಿ ಸಾಕುನಾಯಿಗೆ ಜಾಗವಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನವು ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಹಾಕಿದ ನಾಯಿಯನ್ನೂ ಒಳಗೆ ಬಿಡುವುದಿಲ್ಲ. ನ್ಯೂಜಿಲೆಂಡ್‌ನ ರಾಷ್ಟ್ರೀಯ ಉದ್ಯಾನಗಳಲ್ಲೂ, ಆಸ್ಟ್ರೇಲಿಯಾದ ಬಹುತೇಕ ಉದ್ಯಾನಗಳಲ್ಲೂ ಇದೇ ಸ್ಥಿತಿ.

ಇನ್ನೊಂದು ತುದಿಯಲ್ಲಿ ಕ್ರೊಯೇಷಿಯಾದ ಪ್ಲಿಟ್ವಿಟ್ಸೆ ಸರೋವರಗಳಿವೆ, ಕೆನಡಾದ ಬ್ಯಾನ್ಫ್ ಇದೆ. ಅಲ್ಲಿ ಲೀಶ್ ಹಾಕಿ ನಾಯಿಯೊಂದಿಗೆ ನಡೆಯಬಹುದು. ಅಮೆರಿಕದೊಳಗಿನ ವ್ಯತ್ಯಾಸವಂತೂ ಗಮನಾರ್ಹ. 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್‌ನಲ್ಲಿ ನಾಯಿಯು ರಸ್ತೆ, ವಾಹನ ನಿಲುಗಡೆ ಮತ್ತು ಶಿಬಿರಗಳಿಂದ 100 ಅಡಿಯೊಳಗೇ ಇರಬೇಕು. ಕಾಲುದಾರಿಗಳ ಮೇಲಾಗಲಿ, ಬಿಸಿನೀರಿನ ಬುಗ್ಗೆಗಳ ನಡುವೆ ಹಾಸಿರುವ ಹಲಗೆದಾರಿಗಳ ಮೇಲಾಗಲಿ ಅದು ಕಾಲಿಡುವಂತಿಲ್ಲ. ಅದೇ ದೇಶದ ಶೆನಾಂಡೋವಾದಲ್ಲಿ 500 ಮೈಲಿಗೂ ಹೆಚ್ಚು ಉದ್ದದ ಕಾಲುದಾರಿಗಳಿದ್ದು, ನಾಯಿಗೆ ನಿಷಿದ್ಧವಾಗಿರುವುದು 20 ಮೈಲಿಗಿಂತ ಕಡಿಮೆ. ಅಕೇಡಿಯಾದಲ್ಲಿ ಸುಮಾರು 100 ಮೈಲಿ ಕಾಲುದಾರಿಯೂ 45 ಮೈಲಿ ಹಳೆಯ ಸಾರೋಟು ರಸ್ತೆಯೂ ನಾಯಿಗೆ ತೆರೆದಿವೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚಿನ ಮೇಲೆ ನಾಯಿಯೊಂದಿಗೆ ಅಡ್ಡಾಡಬಹುದು, ಆದರೆ ಅಂಚಿನಿಂದ ಕಣಿವೆಗೆ ಇಳಿಯುವ ದಾರಿ ಅದಕ್ಕಿಲ್ಲ. ನಾಯಿಯೊಂದಿಗೆ ನಡೆಯುವುದೇ ನಿಮ್ಮ ಉದ್ದೇಶವಾಗಿದ್ದರೆ ಹೆಸರುವಾಸಿಯಾದ ಉದ್ಯಾನವನ್ನು ಬಿಟ್ಟು ದಾರಿ ತೆರೆದಿರುವ ಉದ್ಯಾನವನ್ನು ಆರಿಸಿಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ.

ಋತುವನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಬಯಲು ಮತ್ತು ಗುಡ್ಡಗಾಡಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು 2 ಮೀಟರ್‌ಗಿಂತ ಉದ್ದವಿಲ್ಲದ ಲೀಶ್‌ನಲ್ಲಿಯೇ ಹಿಡಿದಿರಬೇಕೆಂಬುದು ಕಾನೂನು, ಏಕೆಂದರೆ ಆಗ ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟಿರುತ್ತವೆ. ಹಾಗೆಯೇ ಶಿಬಿರದಲ್ಲಿ ನಾಯಿಯನ್ನು ಕಟ್ಟಿ ಹೋಗಬಹುದೇ, ಉದ್ಯಾನದೊಳಗಿನ ಬಸ್ಸಿಗೆ ಅದನ್ನು ಹತ್ತಿಸುತ್ತಾರೆಯೇ, ರಾತ್ರಿ ತಂಗುವ ಕೊಠಡಿಗೆ ಬಿಡುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಮೆರಿಕದ ಉದ್ಯಾನಗಳಲ್ಲಿ ಅನುಮತಿಸಿದ ಜಾಗದ ಹೊರತು ಬೇರೆಲ್ಲೂ ನಾಯಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ ಬಿಟ್ಟುಹೋಗುವಂತಿಲ್ಲ. ಇನ್ನು ದೃಷ್ಟಿಹೀನರಿಗೆ ದಾರಿ ತೋರುವಂತಹ ತರಬೇತಿ ಪಡೆದ ಸಹಾಯಕ ನಾಯಿಗಳಿಗೆ ಅನೇಕ ದೇಶಗಳಲ್ಲಿ ಪ್ರತ್ಯೇಕ ನಿಯಮವಿದೆ. ಆ ಸವಲತ್ತನ್ನು ಮನೆಯ ಮುದ್ದಿನ ನಾಯಿಗೆ ಎಳೆದು ತರಲು ನೋಡುವುದು ಅಂಥ ನಾಯಿಯನ್ನು ನಿಜವಾಗಿ ನೆಚ್ಚಿಕೊಂಡವರಿಗೆ ಮಾಡುವ ಅನ್ಯಾಯ.

ನಿರ್ಬಂಧ ಏಕೆ

'ನಮ್ಮ ನಾಯಿ ಬಹಳ ಸಾಧು' ಎಂಬ ಮಾತು ಈ ವಿಷಯದಲ್ಲಿ ಉತ್ತರವಾಗದು. ನ್ಯೂಜಿಲೆಂಡಿನ ವೈಟಾಂಗಿ ಅರಣ್ಯದಲ್ಲಿ 1987ರಲ್ಲಿ ಒಂಟಿಯಾಗಿ ತಿರುಗುತ್ತಿದ್ದ ಒಂದೇ ಒಂದು ಜರ್ಮನ್ ಶೆಫರ್ಡ್ ನಾಯಿ, ಅಲ್ಲಿದ್ದ ಸುಮಾರು 900 ಕಿವಿ ಹಕ್ಕಿಗಳಲ್ಲಿ 500ರಷ್ಟನ್ನು ಕೆಲವೇ ವಾರಗಳಲ್ಲಿ ಕೊಂದಿತೆಂದು ಅಂದಾಜಿಸಲಾಗಿದೆ. ಹಾರಲಾರದ ಆ ಹಕ್ಕಿಯ ಎದೆಗೂಡು ಎಷ್ಟು ದುರ್ಬಲವೆಂದರೆ ನಾಯಿ ಆಟಕ್ಕೆ ಬಾಯಲ್ಲಿ ಹಿಡಿದರೂ ಅದು ಬದುಕುವುದು ಕಷ್ಟ. 1994ರಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿರುವ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಡಿಸ್ಟೆಂಪರ್ ರೋಗಕ್ಕೆ ಬಲಿಯಾಯಿತು. ಆ ವೈರಾಣುವಿನ ಮೂಲ ಸುತ್ತಲಿನ ಹಳ್ಳಿಗಳ ಸಾಕುನಾಯಿಗಳಲ್ಲಿತ್ತೆಂದು ಸಂಶೋಧಕರು ಭಾವಿಸಿದರು. ಕಚ್ಚದ, ಬೊಗಳದ, ಓಡದ ನಾಯಿಯೂ ಮೂತ್ರ ಹೊಯ್ಯುತ್ತದೆ, ಮಲ ವಿಸರ್ಜಿಸುತ್ತದೆ, ಹೋದಲ್ಲೆಲ್ಲ ಒಂದು ಬೇಟೆ ಪ್ರಾಣಿಯ ವಾಸನೆಯನ್ನು ಬಿಟ್ಟು ಬರುತ್ತದೆ. ಜಿಂಕೆಯ ಮೂಗಿಗೆ ಅದರ ಸಾಧುತನ ತಿಳಿಯುವುದಿಲ್ಲ.

ನಾಯಿಗೂ ಅಷ್ಟೇ ಅಪಾಯವಿದೆ. ಆಸ್ಟ್ರೇಲಿಯಾದಲ್ಲಿ ನರಿಗಳ ಹತೋಟಿಗಾಗಿ ಇಡುವ '1080' ಎಂಬ ವಿಷದ ಆಮಿಷವನ್ನು ತಿಂದ ನಾಯಿ ಬದುಕುವುದು ತೀರಾ ಅಪರೂಪ. ಯೆಲ್ಲೋಸ್ಟೋನ್‌ನಲ್ಲಿ 1981ರಲ್ಲಿ ವಾಹನದಿಂದ ತಪ್ಪಿಸಿಕೊಂಡ ನಾಯಿಯೊಂದು 90 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿದ್ದ ಸೆಲೆಸ್ಟೀನ್ ಎಂಬ ಬುಗ್ಗೆಗೆ ಹಾರಿತು; ಅದನ್ನು ಉಳಿಸಲೆಂದು ಧುಮುಕಿದ ಯುವಕನೂ ಉಳಿಯಲಿಲ್ಲ, ನಾಯಿಯೂ ಉಳಿಯಲಿಲ್ಲ. ಕಾರಿನ ಬಾಗಿಲು ತೆರೆಯುವ ಮುನ್ನವೇ ಲೀಶ್ ಕೈಗೆ ಬಂದಿರಬೇಕು ಎಂಬ ಸಣ್ಣ ಅಭ್ಯಾಸವನ್ನು ನಾನು ಈ ಘಟನೆಯನ್ನು ಓದಿದ ಮೇಲೆ ರೂಢಿಸಿಕೊಂಡೆ.

ಕರೆದೊಯ್ಯಬೇಕೇ ಎಂಬ ಪ್ರಶ್ನೆ

ಮರಿಗಳು, ಮುಪ್ಪಿನ ನಾಯಿಗಳು, ಹೃದಯ ಅಥವಾ ಕೀಲಿನ ತೊಂದರೆಯಿರುವವು, ಪಗ್ ಮತ್ತು ಬುಲ್‌ಡಾಗ್‌ನಂತಹ ಮೊಂಡು ಮೂತಿಯ ತಳಿಗಳು, ಅಪರಿಚಿತರನ್ನು ಕಂಡರೆ ಹೆದರುವವು, ಸಣ್ಣ ಪ್ರಾಣಿ ಓಡಿದರೆ ಕಿವಿ ಕೇಳದಂತಾಗುವವು: ಇವನ್ನು ಮನೆಯಲ್ಲಿ ನಂಬಿಕೆಯವರ ಬಳಿ ಬಿಡುವುದೇ ಮೇಲು. ಎಲುಬು ಇನ್ನೂ ಬೆಳೆಯುತ್ತಿರುವ ಒಂದು ವರ್ಷದೊಳಗಿನ ಮರಿಯನ್ನು ದೀರ್ಘ ನಡಿಗೆಗೆ ಹಚ್ಚಬಾರದು. ಬಿಟ್ಟುಹೋಗುವುದು ನಿರ್ದಯೆಯೆಂದು ಕೆಲವರಿಗೆ ಅನ್ನಿಸುತ್ತದೆ. ಆದರೆ ಹತ್ತು ಗಂಟೆ ಕಾರಿನಲ್ಲಿ ಕುಳಿತು, ಅರ್ಧ ಗಂಟೆ ಡಾಂಬರಿನ ಮೇಲೆ ನಡೆದು, ಮತ್ತೆ ಕಾರು ಹತ್ತುವ ನಾಯಿಗೆ ಆ ಪ್ರವಾಸದಿಂದ ಸಿಕ್ಕಿದ್ದೇನು ಎಂಬುದನ್ನು ಅವರು ಯೋಚಿಸಬೇಕು. ನಾಯಿ ವಸತಿಗೆ ಬಿಡುವುದಾದರೆ ಪ್ರವಾಸಕ್ಕೆ ಮೊದಲು ಒಂದು ರಾತ್ರಿಯ ಮಟ್ಟಿಗೆ ಬಿಟ್ಟು ನೋಡಿ.

ಸಿದ್ಧತೆ

ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಪಶುವೈದ್ಯರನ್ನು ಕಾಣಿ. ರೇಬೀಸ್, ಡಿಸ್ಟೆಂಪರ್, ಪಾರ್ವೊ ಮತ್ತು ಲೆಪ್ಟೊಸ್ಪೈರೋಸಿಸ್ ಲಸಿಕೆಗಳ ಅವಧಿ ಮುಗಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಉಣುಗು ಮತ್ತು ಚಿಗಟಗಳಿಗೆ ಔಷಧ ಹಾಕಿಸಿಕೊಂಡು, ಪ್ರಮಾಣಪತ್ರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಗಡಿ ದಾಟುವುದಾದರೆ ತಿಂಗಳು ಸಾಲದು. ಉದಾಹರಣೆಗೆ ಐರೋಪ್ಯ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್ ಹಾಕಿಸಿ, ಅನಂತರ ಮೊದಲ ರೇಬೀಸ್ ಲಸಿಕೆ ಕೊಡಿಸಿ, ಅಲ್ಲಿಂದ ಕನಿಷ್ಠ 21 ದಿನ ಕಾಯಬೇಕಾಗುತ್ತದೆ. ಕೆಲವು ದೇಶಗಳಿಂದ ಹೊರಡುವ ನಾಯಿಗಳಿಗೆ ರಕ್ತಪರೀಕ್ಷೆಯೂ ಸೇರಿ ಈ ಅವಧಿ ಇನ್ನಷ್ಟು ಉದ್ದವಾಗುತ್ತದೆ.

ನಡಿಗೆಯ ಅಭ್ಯಾಸವನ್ನೂ ಆಗಲೇ ಶುರು ಮಾಡಿ. ದಿನಕ್ಕೆ ಎರಡು ಕಿಲೋಮೀಟರ್ ನಡೆಯುವ ನಾಯಿಯನ್ನು ಒಮ್ಮೆಲೇ ಹನ್ನೆರಡು ಕಿಲೋಮೀಟರ್ ಏರುದಾರಿಗೆ ಎಳೆದರೆ ಅದು ಬರುತ್ತದೆ, ಏಕೆಂದರೆ ನೀವು ನಡೆಯುತ್ತಿದ್ದೀರಿ. ನೋವನ್ನು ತೋರಿಸಿಕೊಳ್ಳದೆ ಕೊನೆಯವರೆಗೂ ಬರುವುದೇ ಅದರ ಸ್ವಭಾವ. ಪಾದದ ಮೆತ್ತೆ ಗಟ್ಟಿಯಾಗಲು ವಾರಗಳು ಬೇಕು, ಮಣ್ಣು ಮತ್ತು ಕಲ್ಲಿನ ಮೇಲೆ ನಡೆದರೆ ಮಾತ್ರ ಅದು ಗಟ್ಟಿಯಾಗುತ್ತದೆ. ಇದರ ಜೊತೆಗೆ ಎರಡು ಆಜ್ಞೆಗಳನ್ನಾದರೂ ಪಕ್ಕಾ ಕಲಿಸಿ: ಕರೆದರೆ ಬರುವುದು, ಬಾಯಿಗೆ ಹಾಕಿದ್ದನ್ನು ಬಿಡುವುದು. ಎರಡನೆಯದು ಕಾಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಾಮಾನು ಕಡಿಮೆ ಇರಲಿ, ಆದರೆ ಸರಿಯಾದದ್ದಿರಲಿ. ಅಮೆರಿಕದ ಉದ್ಯಾನಗಳಲ್ಲಿ ಲೀಶ್ 6 ಅಡಿಗಿಂತ, ಅಂದರೆ ಸುಮಾರು 1.8 ಮೀಟರ್‌ಗಿಂತ ಉದ್ದವಿರಬಾರದು. ಬೇರೆಡೆ ನಿಯಮವಿಲ್ಲದಿದ್ದರೂ ಈ ಅಳತೆ ಒಳ್ಳೆಯದೇ. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್‌ಗಳನ್ನು ಮನೆಯಲ್ಲೇ ಬಿಡಿ, ಏಕೆಂದರೆ ಆ ತೆಳುದಾರ ಪೊದೆಗೆ ಸುತ್ತಿಕೊಳ್ಳುತ್ತದೆ, ಜಿಗಿದ ನಾಯಿಯನ್ನು ತಡೆಯಲು ಹೋದವರ ಬೆರಳನ್ನೂ ಕೊಯ್ಯುತ್ತದೆ. ಕೊರಳಪಟ್ಟಿಗೆ ದೂರವಾಣಿ ಸಂಖ್ಯೆ ಕೆತ್ತಿದ ಬಿಲ್ಲೆಯಿರಲಿ, ಲೀಶನ್ನು ಮಾತ್ರ ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ನೀರಿನ ಮಡಿಸುವ ಬಟ್ಟಲು, ಮಲ ತುಂಬುವ ಚೀಲಗಳು, ಚೂಪು ತುದಿಯ ಚಿಮಟ, ಬ್ಯಾಂಡೇಜು, ಗಾಯಗೊಂಡ ಪಾದಕ್ಕೆ ತೊಡಿಸಲು ಒಂದು ಹಳೆಯ ಕಾಲುಚೀಲ, ಮತ್ತು ಒಂದು ಗಟ್ಟಿ ದುಪ್ಪಟಿ: 30 ಕಿಲೋ ತೂಕದ ನಾಯಿ ನಡೆಯಲಾರದೆ ಕುಳಿತರೆ ಇಬ್ಬರು ಹಿಡಿದು ಹೊರಲು ಆ ದುಪ್ಪಟಿಯೇ ಡೋಲಿಯಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಸಿಟಮಾಲ್ ಎರಡೂ ಅದಕ್ಕೆ ವಿಷವಾಗಬಲ್ಲವು. ನೀವು ದಾರಿಯಲ್ಲಿ ಮೆಲ್ಲಲು ಇಟ್ಟುಕೊಂಡ ಒಣದ್ರಾಕ್ಷಿ ಮತ್ತು ಚಾಕೊಲೇಟ್ ಕೂಡ ಅಷ್ಟೇ.

ಬಿಸಿಲು, ನೀರು, ಕಾರು

ಈ ಪ್ರವಾಸದಲ್ಲಿ ನಾಯಿಗೆ ಎದುರಾಗುವ ಅಪಾಯಗಳಲ್ಲಿ ಕರಡಿ ಮತ್ತು ಹಾವಿಗಿಂತ ನಾನು ಹೆಚ್ಚು ಹೆದರುವುದು ಬಿಸಿಲಿಗೆ. ಬೆವರಿ ತಣಿಯುವ ಅನುಕೂಲ ನಾಯಿಗೆ ಇಲ್ಲವೆನ್ನುವಷ್ಟು ಕಡಿಮೆ. ಏದುಸಿರೇ ಅದರ ಮುಖ್ಯ ದಾರಿ. ಒಮ್ಮೆ ಮಧ್ಯಾಹ್ನದ ಹೊತ್ತಿನಲ್ಲಿ ವಾಹನ ನಿಲುಗಡೆಯ ನಕ್ಷೆಯ ಫಲಕದ ಮುಂದೆ ನಾನು ದಾರಿ ಹುಡುಕುತ್ತ ನಿಂತಿದ್ದಾಗ, ಪಕ್ಕದಲ್ಲಿದ್ದ ನಮ್ಮ ನಾಯಿ ಮುಂಗಾಲೊಂದನ್ನು ಎತ್ತಿತು, ಅದನ್ನು ಇಳಿಸಿ ಇನ್ನೊಂದನ್ನು ಎತ್ತಿತು, ಮತ್ತೆ ಮೊದಲನೆಯದನ್ನು ಎತ್ತಿತು. ಕೈ ಕೊಡಲು ಬರುತ್ತಿದೆಯೆಂದು ನಾನು ನಕ್ಕೆ. ಬಗ್ಗಿ ಡಾಂಬರನ್ನು ಮುಟ್ಟಿದಾಗ ಕೈ ತಾನಾಗಿ ಹಿಂದಕ್ಕೆ ಬಂತು. ಅಂದಿನಿಂದ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಯನ್ನು ಇಳಿಸುವುದಿಲ್ಲ. ಮರಳು ಡಾಂಬರಿಗಿಂತ ಮೃದುವೆಂದು ನಂಬಬೇಡಿ. ನಾಯಿಗೆ ಪ್ರವೇಶವಿರುವ ಅಮೆರಿಕದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲಿ ಬೇಸಿಗೆಯ ಮರಳು 65 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ನಡಿಗೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡು ಬಿಸಿಲೇರುವ ಮುನ್ನ ಮುಗಿಸಿಬಿಡಿ.

ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ಮುಟ್ಟಿತೆಂದರೆ ಪ್ರಾಣಾಪಾಯ. ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಕಡುಗೆಂಪಾದ ಒಸಡು, ತೂರಾಡುವ ಹಿಂಗಾಲು ಇವುಗಳಲ್ಲಿ ಯಾವುದು ಕಂಡರೂ ನೆರಳಿಗೆ ಒಯ್ದು ಮೈಮೇಲೆಲ್ಲ ತಣ್ಣೀರು ಸುರಿಯುತ್ತ ಗಾಳಿ ಬೀಸಿ; ಮೊದಲು ತಣಿಸಿ, ಆಮೇಲೆ ವೈದ್ಯರ ಬಳಿ ಸಾಗಿಸಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿಬಿಟ್ಟರೆ ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ನೀರಿನ ಲೆಕ್ಕ ಹೀಗೆ: ಸುಮ್ಮನೆ ಮಲಗಿದ್ದರೂ ನಾಯಿಗೆ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು, ಅಂದರೆ 20 ಕಿಲೋ ನಾಯಿಗೆ ಒಂದು ಲೀಟರಿಗೂ ಸ್ವಲ್ಪ ಹೆಚ್ಚು, ನಡೆಯುವ ದಿನ ಅದರ ಎರಡರಷ್ಟನ್ನು ಹೊತ್ತೊಯ್ಯಿರಿ. ಹೊಳೆ, ಕೆರೆಗಳ ನೀರಿನಲ್ಲಿ ಜಿಯಾರ್ಡಿಯಾ ಮತ್ತು ಲೆಪ್ಟೊಸ್ಪೈರಾ ಎಂಬ ರೋಗಾಣುಗಳು ಇರಬಹುದು. ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ನೀಲಿ-ಹಸಿರು ಪಾಚಿ ಕಂಡರೆ ನಾಯಿಯನ್ನು ದಡಕ್ಕೂ ಬಿಡಬೇಡಿ; ಆ ನೀರು ಕುಡಿದ, ಅದರಲ್ಲಿ ಈಜಿ ಮೈ ನೆಕ್ಕಿಕೊಂಡ ನಾಯಿಗಳು ಗಂಟೆಗಳೊಳಗೆ ಸತ್ತಿರುವುದುಂಟು.

ಕಾರಿನ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಹೊರಗೆ 21 ಡಿಗ್ರಿಯ ಹಿತವಾದ ಹವೆಯಿದ್ದರೂ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 30 ಡಿಗ್ರಿ ದಾಟುತ್ತದೆ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದ್ದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ನಾಯಿಗೆ ಪ್ರವೇಶವಿಲ್ಲದ ದಾರಿಯನ್ನು ನೋಡಲೇಬೇಕೆಂದಿದ್ದರೆ ಒಬ್ಬರು ನಾಯಿಯೊಂದಿಗೆ ನೆರಳಿನಲ್ಲಿ ಉಳಿದು ಇನ್ನೊಬ್ಬರು ಹೋಗಿಬರಬೇಕು. ಒಂಟಿಯಾಗಿ ಹೋದವರು ಆ ದಾರಿಯನ್ನು ಇನ್ನೊಂದು ಸಲಕ್ಕೆ ಉಳಿಸಿಕೊಳ್ಳಬೇಕು.

ದಾರಿಯಲ್ಲಿ

ಕಾಲುದಾರಿಯಲ್ಲಿ ನಿಮಗಿಂತ ಮೊದಲು ಎಲ್ಲವನ್ನೂ ತಿಳಿಯುವುದು ನಾಯಿ. ಅದು ನಡೆಯುತ್ತಿದ್ದ ಕಾಲನ್ನು ಅರ್ಧಕ್ಕೇ ನಿಲ್ಲಿಸಿ, ಕಿವಿ ಮುಂದಕ್ಕೆ ಮಾಡಿ, ಮೂಗಿನ ಹೊಳ್ಳೆಗಳನ್ನು ಮಾತ್ರ ಅಲುಗಿಸುತ್ತಿದ್ದರೆ, ನಿಮ್ಮ ಕಣ್ಣಿಗೆ ಏನೂ ಕಾಣದಿದ್ದರೂ ಅಲ್ಲೇನೋ ಇದೆ ಎಂದೇ ತಿಳಿಯಿರಿ. ಆಗ ಲೀಶನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದೆ ಎರಡೂ ಕೈಗಳಿಂದ ಹಿಡಿದು, ಬಿಗಿ ಮಾಡದೆ ಗಿಡ್ಡ ಮಾಡಿ, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಸರಿಯಿರಿ. ಕರಡಿ, ತೋಳಗಳಿರುವ ಕಾಡಿನಲ್ಲಿ ಲೀಶ್ ಇಲ್ಲದ ನಾಯಿ ದುಪ್ಪಟ್ಟು ಅಪಾಯ ತರುತ್ತದೆ: ಮೊದಲು ಅದು ಬೊಗಳಿ ಕರಡಿಯನ್ನು ಕೆಣಕುತ್ತದೆ, ಅನಂತರ ಹೆದರಿ ಒಡೆಯನ ಕಡೆಗೇ ಓಡಿಬರುತ್ತದೆ, ಹಿಂದೆಯೇ ಕರಡಿಯೂ ಬರುತ್ತದೆ.

ದನಗಳು ಮೇಯುವ ಉದ್ಯಾನಗಳಲ್ಲಿ ಇದಕ್ಕೆ ಒಂದು ಅಪವಾದವಿದೆ. ಕರುವಿರುವ ಹಸುಗಳು ನಾಯಿಯನ್ನು ಕಂಡು ಅಟ್ಟಿಸಿಕೊಂಡು ಬಂದರೆ ಲೀಶನ್ನು ಬಿಟ್ಟುಬಿಡಿ. ಅವುಗಳ ಸಿಟ್ಟು ನಾಯಿಯ ಮೇಲೆಯೇ ಹೊರತು ನಿಮ್ಮ ಮೇಲಲ್ಲ, ನಾಯಿ ಅವಕ್ಕಿಂತ ವೇಗವಾಗಿ ಓಡಬಲ್ಲದು, ನೀವು ಓಡಲಾರಿರಿ. ಬ್ರಿಟನ್ನಿನಲ್ಲಿ ನಡಿಗೆಯವರಿಗೆ ಅಧಿಕೃತವಾಗಿ ಕೊಡುವ ಸಲಹೆಯೂ ಇದೇ.

ಎದುರಿನಿಂದ ಜನ ಬಂದರೆ ದಾರಿಯ ಅಂಚಿಗೆ ಸರಿದು ನಾಯಿಯನ್ನು ಕೂರಿಸಿ, ಅವರು ದಾಟುವವರೆಗೆ ಕಾಯಿರಿ. ನಾಯಿಗೆ ಹೆದರುವವರೂ ದುಡ್ಡು ಕೊಟ್ಟೇ ಒಳಗೆ ಬಂದಿದ್ದಾರೆ. ಕುದುರೆಗಳಿಗಾದರೆ ಇನ್ನೂ ಹೆಚ್ಚು ಜಾಗ ಬಿಡಬೇಕು.

ಮಲವನ್ನು ಎಲೆ ಮುಚ್ಚಿ ಬಿಡುವುದು, ಪೊದೆಗೆ ಎಸೆಯುವುದು, 'ಹೇಗೂ ಗೊಬ್ಬರವಾಗುತ್ತದೆ' ಎನ್ನುವುದು ಸರಿಯಲ್ಲ. ಅದರಲ್ಲಿ ಹುಳದ ಮೊಟ್ಟೆಗಳೂ ಪಾರ್ವೊದಂತಹ ವೈರಾಣುಗಳೂ ಇರಬಹುದು, ಮಳೆ ಬಂದರೆ ಅದೆಲ್ಲ ಹೊಳೆಗೆ ಸೇರುತ್ತದೆ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಡಬ್ಬಿ ಸಿಗುವವರೆಗೂ ಹೊರಬೇಕು. ಇಷ್ಟೆಲ್ಲ ಮಾಡಿ ಆ ಚೀಲವನ್ನು 'ವಾಪಸ್ ಬರುವಾಗ ತೆಗೆದುಕೊಂಡರಾಯಿತು' ಎಂದು ದಾರಿಯ ಬದಿಗೇ ಇಟ್ಟು ಮರೆತುಹೋಗುವವರನ್ನು ನೋಡಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಎಲೆ ಮುಚ್ಚಿ ಹೋದವನ ಕಸ ಒಂದು ದಿನ ಕರಗುತ್ತದೆ, ಇವರ ಪ್ಲಾಸ್ಟಿಕ್ ಕರಗುವುದಿಲ್ಲ.

ಶಿಬಿರದಲ್ಲಿ ರಾತ್ರಿ ತಂಗುವುದಾದರೆ ನಾಯಿ ಗುಡಾರದೊಳಗೆ ಅಥವಾ ವಾಹನದಲ್ಲಿ ನಿಮ್ಮ ಜೊತೆಯಲ್ಲೇ ಮಲಗಬೇಕು. ಅದರ ಆಹಾರದ ಚೀಲವೂ, ನೆಕ್ಕಿದ ಬಟ್ಟಲೂ ಕಾಡುಪ್ರಾಣಿಗೆ ಆಮಿಷವೇ ಆದ್ದರಿಂದ, ಕರಡಿಗಳಿರುವಲ್ಲಿ ನಿಮ್ಮ ಆಹಾರದ ಜೊತೆಗೇ ಅವನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ.

ಅನಾಹುತವಾದರೆ

ಹಾವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ಬೇಗ ವೈದ್ಯರ ಬಳಿಗೆ ಒಯ್ಯಿರಿ. ಮುಳ್ಳುಹಂದಿಯ ಮುಳ್ಳುಗಳು ಮೂತಿಗೆ ನಾಟಿದ್ದರೆ ಅವನ್ನು ಕತ್ತರಿಸಬಾರದು, ದಾರಿಯಲ್ಲೇ ಕೀಳಲು ಹೋಗದೆ ವೈದ್ಯರಿಂದಲೇ ತೆಗೆಸಬೇಕು. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚೀತು. ಬ್ಯಾಂಡೇಜಿನಿಂದ ಬಾಯಿಗೆ ಸಡಿಲವಾಗಿ ಕಟ್ಟು ಹಾಕಬಹುದು, ಆದರೆ ಅದು ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಬೇಡ. ಹತ್ತಿರದ ಪಶುವೈದ್ಯಾಲಯದ ವಿಳಾಸ ಮತ್ತು ಸಂಖ್ಯೆಯನ್ನು ಮೊಬೈಲ್ ಸಿಗ್ನಲ್ ಇರುವಾಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಡಿಗೆ ಮುಗಿದ ಮೇಲೆ ನಾಯಿಯನ್ನು ಬೆಳಕಿನಲ್ಲಿ ಮಲಗಿಸಿ ಮೈಯೆಲ್ಲ ತಡವಿ. ಉಣುಗುಗಳು ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದು ಮತ್ತು ಬೆರಳುಗಳ ನಡುವೆ ಸೇರಿಕೊಂಡಿರುತ್ತವೆ. ಬೆರಳಿಗೆ ಸಣ್ಣ ಕಾಳು ಸಿಕ್ಕಂತಾಗುತ್ತದೆ. ಚಿಮಟದಿಂದ ಅದನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ಒಂದೇ ಸಮನೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಹುಲ್ಲಿನ ಚೂಪಾದ ಬೀಜಗಳು ಬೆರಳ ಸಂದಿಯಿಂದ ಚರ್ಮದೊಳಕ್ಕೆ ಇಳಿಯುವುದರಿಂದ ಅಲ್ಲಿಯ ಕೂದಲನ್ನೂ ಬಿಡಿಸಿ ನೋಡಬೇಕು. ಉಣುಗಿನಿಂದ ಬರುವ ಎರ್ಲಿಕಿಯಾದಂತಹ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ನಾಯಿ ಊಟ ಬಿಟ್ಟರೆ, ಮಂಕಾಗಿ ಮಲಗಿದರೆ ಅಥವಾ ಮೂಗಿನಿಂದ ರಕ್ತ ಬಂದರೆ ಪಶುವೈದ್ಯರ ಬಳಿ ಹೋಗಿ, ಯಾವ ಉದ್ಯಾನಕ್ಕೆ ಯಾವ ದಿನ ಹೋಗಿದ್ದಿರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.